ಉಬ್ಬೆ ಮತ್ತು ಗುರುತು: ಶಸ್ತ್ರೋಪಕರಣಗಳ ಶುದ್ಧಿಯ ಚರಿತ್ರೆಯಿಂದ

ಹೈದರಾಬಾದು ನಗರದ ವಿಜ್ಞಾನಚರಿತ್ರೆಯನ್ನು ಕುರಿತು ಬರೆಯುವವರು ತಪ್ಪದೆ ಪ್ರಸ್ತಾಪಿಸುವ ಸಂಗತಿಗಳು ಮೂರು. ೧೮೮೮–೮೯ರ ಕ್ಲೋರೋಫಾರಂ ಆಯೋಗಗಳು ಮೊದಲನೆಯದು. ೧೮೯೭ರಲ್ಲಿ ರೊನಾಲ್ಡ್ ರಾಸನು ಬೇಗಂಪೇಟೆಯಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗದ ಜೀವಿಯನ್ನು ಕಂಡುದು ಎರಡನೆಯದು. ೧೯೦೮ರ ಮೂಸಿ ಮಹಾಪೂರದ ತರುವಾಯ ನಮ್ಮ ವಿಶ್ವೇಶ್ವರಯ್ಯನವರು ಇಲ್ಲಿಗೆ ಬಂದು ನಡೆಸಿದ ಪರಿಶೀಲನೆ ಮೂರನೆಯದು. ಈ ಮೂರನ್ನೂ ಬೇರೆ ಬೇರೆ ಪ್ರಕರಣಗಳಾಗಿ ನೋಡುವುದು ವಾಡಿಕೆ. ಆದರೆ ಮೂರಕ್ಕೂ ಸಮಾನವಾದ ಒಂದು ಗುಣವುಂಟು. ಆ ಗುಣವು ಶಸ್ತ್ರವೈದ್ಯನ ಮೇಜಿನ ಮೇಲಿನ ಕತ್ತರಿ ಚಿಮಟಗಳವರೆಗೆ ಬಂದು ಮುಟ್ಟಲು ಬಹುಕಾಲ ಹಿಡಿಯಿತೆಂಬುದನ್ನೂ, ಹಲವೆಡೆ ಇನ್ನೂ ಮುಟ್ಟಿಲ್ಲವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಕ್ಲೋರೋಫಾರಮ್ಮನ್ನು ಮೂಸಿದ ರೋಗಿ ಮೇಜಿನ ಮೇಲೆಯೇ ಸತ್ತರೆ, ಮೊದಲು ನಿಂತುದು ಹೃದಯವೋ ಉಸಿರೋ ಎಂಬ ವಿವಾದವು ಯೂರೋಪಿನ ವೈದ್ಯರಲ್ಲಿ ದೀರ್ಘಕಾಲ ನಡೆದಿತ್ತು. ಇಲ್ಲಿನ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿಯು ಉಸಿರಿನ ಪಕ್ಷದವನು. ೧೮೮೮ರ ಮೊದಲ ಆಯೋಗದ ನಿರ್ಣಯವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಸಂಶಯದಿಂದ ನೋಡಿತು. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನನು ಒಂದು ಸಾವಿರ ಪೌಂಡುಗಳನ್ನು ಕೊಟ್ಟು, ಆ ಪತ್ರಿಕೆಯೇ ಆರಿಸಿದ ಲಾಡರ್ ಬ್ರಂಟನ್ನನನ್ನು ೧೮೮೯ರಲ್ಲಿ ಕರೆಸಿಕೊಂಡನು. ಭಾರತದ ಮೊದಲ ಅರಿವಳಿಕೆಯ ವೈದ್ಯೆಯೆಂದು ಇಂದು ಹೆಸರಾಗಿರುವ ರೂಪಾಬಾಯಿ ಫರ್ದೂನ್‌ಜಿಯವರು ಆ ಪ್ರಯೋಗಗಳಲ್ಲಿ ಭಾಗವಹಿಸಿದ್ದರು. ಪ್ರಯೋಗಕ್ಕೆ ಒಳಗಾದ ಪ್ರಾಣಿಗಳು ನೂರಾರು. ಒಂದೊಂದು ಪ್ರಯೋಗಕ್ಕೂ ಸಂಖ್ಯೆಯಿತ್ತು. ರಕ್ತದ ಒತ್ತಡ ಹಾಗೂ ಉಸಿರಾಟಗಳ ಏರಿಳಿತವು ಗೆರೆಗಳಾಗಿ ಮೂಡಿ ವರದಿಯಲ್ಲಿ ಅಚ್ಚಾಯಿತು. ಉಸಿರೇ ಮೊದಲು ನಿಲ್ಲುವುದೆಂಬ ಆಯೋಗದ ನಿರ್ಣಯವೇನೋ ಬಾಳಲಿಲ್ಲ. ಕ್ಲೋರೋಫಾರಂ ಹೃದಯದ ಮಿಡಿತವನ್ನೇ ಹಠಾತ್ತನೆ ಕೆಡಿಸಬಲ್ಲುದೆಂದು ೧೯೧೧ರಲ್ಲಿ ಗುಡ್‌ಮನ್ ಲೆವಿಯು ಸಿದ್ಧಪಡಿಸಿದನು. ಆದರೆ ಗೆರೆಗಳು ಉಳಿದುವು; ಆಯೋಗವನ್ನು ಒಪ್ಪದವರೂ ಆಯೋಗದ ಗೆರೆಗಳನ್ನೇ ಓದಿ ವಾದಿಸಬೇಕಾಯಿತು.

ರಾಸನ ಕ್ರಮವೂ ಇಂಥದೇ. ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು ಆಗಸ್ಟ್ ೧೬ರಂದು ಹೀರಿದ ಸೊಳ್ಳೆಗಳನ್ನು ಅವನು ಬೇರೆಯಾಗಿ ಕಾಪಾಡಿ, ಸಂಖ್ಯೆ ಕೊಟ್ಟು, ಒಂದೊಂದನ್ನಾಗಿ ಸೀಳಿ ನೋಡುತ್ತ ಬಂದನು. ೨೦ನೆಯ ತಾರೀಖು ಒಂದರಲ್ಲಿ ಕಂಡ ವರ್ಣಕಣಗಳು ಮರುದಿನ ೩೯ನೆಯ ಸಂಖ್ಯೆಯ ಸೊಳ್ಳೆಯಲ್ಲಿ ಇನ್ನೂ ದಪ್ಪನಾಗಿ ಕಂಡುವು. ಯಾವ ಸೊಳ್ಳೆ, ಯಾರ ರಕ್ತ, ಯಾವ ದಿನ ಎಂಬ ಲೆಕ್ಕವಿಲ್ಲದೆ ಇದ್ದಿದ್ದರೆ ಸೂಕ್ಷ್ಮದರ್ಶಕವೊಂದರಿಂದಲೇ ಈ ಶೋಧ ಆಗುತ್ತಿರಲಿಲ್ಲ. ಇನ್ನು ವಿಶ್ವೇಶ್ವರಯ್ಯನವರು. ಮೂಸಿಯ ಪ್ರವಾಹವು ಸಾವಿರಾರು ಜನರನ್ನೂ ಅಫ್ಜಲ್‌ಗಂಜಿನ ಆಸ್ಪತ್ರೆಯನ್ನೂ ಬಲಿ ತೆಗೆದುಕೊಂಡಾಗ ಅದನ್ನು ದೈವಕೋಪವೆಂದವರು ಬಹುಮಂದಿ. ಅವರು ಕೇಳಿದುದು, ಇಷ್ಟು ನೀರು ಎಲ್ಲೆಲ್ಲಿಂದ ಬಂದಿತು ಎಂದು. ನದಿಯ ಜಲಾನಯನದಲ್ಲಿದ್ದ ೭೮೮ ಕೆರೆಗಳಲ್ಲಿ ೨೨೧ ಒಡೆದಿದ್ದುವೆಂಬ ಲೆಕ್ಕ ಸಿಕ್ಕಿತು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಕಲ್ಪನೆಗೆ ಅಂಥ ಲೆಕ್ಕವೇ ತಳಹದಿ.

ಅನಾಹುತವೊಂದು ಸಂಭವಿಸಿದಾಗ ಹಿಂದಕ್ಕೆ ನಡೆದು ಹೋಗಿ ಮೂಲವನ್ನು ಮುಟ್ಟಬಲ್ಲಂತೆ ಮೊದಲೇ ಗುರುತು ಹಾಕಿಡುವುದು, ಇದೇ ಮೇಲೆ ಹೇಳಿದ ಸಮಾನಗುಣ. ಇದು ವಿದೇಶದಿಂದ ಕಲಿತು ಬರಬೇಕಾದ ವಿದ್ಯೆಯಲ್ಲ. ನಮ್ಮ ಊರುಗಳ ಮಡಿವಾಳನು ಇದನ್ನು ಬಲ್ಲನು. ಹತ್ತಾರು ಮನೆಗಳ ಬಟ್ಟೆಗಳನ್ನು ಅವನು ಒಂದೇ ಉಬ್ಬೆಗೆ ಹಾಕುತ್ತಿದ್ದನು. ಚೌಳು ಹಚ್ಚಿದ ಅರಿವೆಗಳು ಆವಿಯಲ್ಲಿ ಬೆಂದು ಕೊಳೆ ಬಿಡುತ್ತಿದ್ದುವು. ಆದರೆ ಉಬ್ಬೆಗೆ ಹಾಕುವ ಮುನ್ನ ಪ್ರತಿಯೊಂದು ಬಟ್ಟೆಯ ಮೂಲೆಯಲ್ಲಿ ಕರಿಗೇರು ಕಾಯಿಯ ರಸದಿಂದ ಆಯಾ ಮನೆಯ ಗುರುತು ಬಿದ್ದಿರುತ್ತಿತ್ತು. ಎಷ್ಟು ಸಾರಿ ಬೆಂದರೂ ಅಳಿಯದ ಗುರುತು ಅದು. ಉಬ್ಬೆಯಿಂದ ಬಟ್ಟೆ ಶುಭ್ರವಾಗುತ್ತಿತ್ತು, ಗುರುತಿನಿಂದ ಅದು ಯಾರದೆಂದು ತಿಳಿಯುತ್ತಿತ್ತು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಮಡಿವಾಳನ ಕಸುಬು ಒಂದು ವಾರವೂ ನಡೆಯುತ್ತಿರಲಿಲ್ಲ. ಆಧುನಿಕ ಆಸ್ಪತ್ರೆಯಾದರೋ ಉಬ್ಬೆಯನ್ನು ಬೇಗನೆ ಕಲಿತಿತು. ಗುರುತನ್ನು ಕಲಿಯಲು ಅದಕ್ಕೆ ಸುಮಾರು ನೂರು ವರ್ಷಗಳು ಬೇಕಾದುವು.

ಉಬ್ಬೆಯ ಕಥೆ ಎಲ್ಲರಿಗೂ ತಿಳಿದುದಾದ್ದರಿಂದ ಸಂಕ್ಷೇಪವಾಗಿ ಹೇಳಬಹುದು. ಜೋಸೆಫ್ ಲಿಸ್ಟರನು ೧೮೬೭ರಲ್ಲಿ ಕಾರ್ಬಾಲಿಕ್ ಆಮ್ಲದ ಪ್ರಯೋಗಗಳನ್ನು ಪ್ರಕಟಿಸಿದನು. ಪಾಸ್ಚರನ ಸಹಾಯಕನಾದ ಶಾರ್ಲ್ ಶಾಂಬರ್‌ಲಾನನು ೧೮೭೯ರಲ್ಲಿ ಒತ್ತಡದ ಆವಿಯ ಪಾತ್ರೆಯನ್ನು, ಎಂದರೆ ಆಟೋಕ್ಲೇವನ್ನು, ನಿರ್ಮಿಸಿದನು. ಬರ್ಲಿನ್ನಿನಲ್ಲಿ ಬೆರ್ಗ್‌ಮನ್ನನೂ ಅವನ ಶಿಷ್ಯ ಶಿಮ್ಮೆಲ್‌ಬುಶ್ಶನೂ ಶಸ್ತ್ರಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸುವ, ಬಟ್ಟೆಪಟ್ಟಿಗಳನ್ನು ಆವಿಯಲ್ಲಿಡುವ ಪದ್ಧತಿಯನ್ನು ರೂಢಿಗೆ ತಂದರು. ಆ ಪದ್ಧತಿ ನಮ್ಮ ದೇಶಕ್ಕೂ ಬಂದು, ಮೀನು ಬೇಯಿಸುವ ಪಾತ್ರೆಯಂಥ ಉದ್ದನೆಯ ಡಬ್ಬಿಯ ರೂಪದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೆ ಹರಡಿತು. ಭಾನುವಾರಗಳಲ್ಲಿ ಅಬಿಡ್ಸಿನ ಕಾಲುದಾರಿಯ ಮೇಲೆ ಹರಡುವ ಹಳೆಯ ಪುಸ್ತಕಗಳ ನಡುವೆ ದಾದಿಯರ ಪಠ್ಯಗಳು ಆಗಾಗ ಸಿಗುವುದುಂಟು. ನಾವು ತಿರುವಿ ಹಾಕಿದ ಅಂಥ ಪುಸ್ತಕಗಳಲ್ಲಿ ಎಷ್ಟು ನಿಮಿಷ ಕುದಿಸಬೇಕು, ಚೂರಿಯ ಅಲಗು ಮೊಂಡಾಗದಂತೆ ಹೇಗೆ ಕಾಪಾಡಬೇಕು ಎಂಬ ವಿವರಗಳು ಹೇರಳವಾಗಿವೆ. ಇವತ್ತು ಬೆಳಿಗ್ಗೆ ಒಬ್ಬನ ಹೊಟ್ಟೆಯಲ್ಲಿದ್ದ ಚಿಮಟ ಮಧ್ಯಾಹ್ನ ಯಾರ ಹೊಟ್ಟೆಗೆ ಹೋಯಿತೆಂದು ಬರೆದಿಡಬೇಕೆಂಬ ಮಾತು ಒಂದರಲ್ಲಿಯೂ ಕಾಣಲಿಲ್ಲ. (ಅಬಿಡ್ಸ್ ಎಂಬ ಹೆಸರೇ ಮಹಬೂಬ್ ಅಲಿ ಖಾನನ ಪರಿಚಾರಕನಾಗಿದ್ದ ಆಲ್ಬರ್ಟ್ ಆಬಿಡನ ಅಂಗಡಿಯಿಂದ ಬಂದುದು. ಅರಮನೆಯ ಪರಿಚಾರಕನಾಗಿ, ಮೇಲೆ ಅಂಗಡಿಕಾರನೂ ಆಗಿದ್ದವನಿಗೆ ಹೋದ ವಸ್ತು ಬಂದ ವಸ್ತುಗಳ ಲೆಕ್ಕದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.)

ಹೀಗಾಗಲು ಕಾರಣವಿಲ್ಲದಿಲ್ಲ. ಕುದಿದ ನೀರಿನಿಂದ, ಆವಿಯಿಂದ ಹೊರಬಂದುದು ಸಂಪೂರ್ಣ ಶುದ್ಧ, ಅದಕ್ಕೆ ಪೂರ್ವಚರಿತ್ರೆಯೇ ಇಲ್ಲ ಎಂಬ ಭಾವನೆ ಬೇರೂರಿತ್ತು. ನಮ್ಮ ಮಡಿಯ ಕಲ್ಪನೆಯೂ ಇದನ್ನು ಹೋಲುತ್ತದೆ. ಒಮ್ಮೆ ನೀರಿಗೆ ಬಿದ್ದೆದ್ದರೆ ಹಿಂದಿನ ಮೈಲಿಗೆಯ ಲೆಕ್ಕ ಚುಕ್ತಾ. ಆದರೆ ಆವಿಯು ಪ್ರತಿಯೊಂದು ಸಾರಿಯೂ ತನ್ನ ಕೆಲಸವನ್ನು ಮಾಡಿಯೇ ತೀರುವುದೆಂಬ ನೆಚ್ಚಿಕೆಯಿಲ್ಲ. ಪಾತ್ರೆಯೊಳಗೆ ಗಾಳಿ ಉಳಿದರೆ ಅದು ತಳದಲ್ಲಿ ನಿಂತು ಆವಿಯನ್ನು ತಡೆಯುತ್ತದೆ. ಒತ್ತಡದ ಮುಳ್ಳು ಸರಿಯಾಗಿಯೇ ಇದ್ದರೂ ಒಳಗಿನ ಗಂಟು ಬೇಯುವುದಿಲ್ಲ. ಎಡಿನ್‌ಬರೋದ ಬೋವಿ ಮತ್ತು ಡಿಕ್ ಎಂಬವರು ೧೯೬೩ರಲ್ಲಿ, ಮಡಿಸಿದ ಬಟ್ಟೆಗಳ ನಡುವೆ ಬಣ್ಣ ಬದಲಿಸುವ ಪಟ್ಟಿಯನ್ನಿಟ್ಟು ಈ ದೋಷವನ್ನು ಪತ್ತೆ ಮಾಡುವ ಪರೀಕ್ಷೆಯನ್ನು ಪ್ರಕಟಿಸಿದರು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, ೧೯೭೨ರಲ್ಲಿ, ಇಂಗ್ಲೆಂಡಿನ ಪ್ಲಿಮತ್ ಬಳಿಯ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಏರಿಸಿದ ಸಕ್ಕರೆ ನೀರಿನ ಸೀಸೆಗಳು ರೋಗಿಗಳ ಸಾವಿಗೆ ಕಾರಣವಾದುವು. ಕಾರ್ಖಾನೆಯ ಆಟೋಕ್ಲೇವಿನ ತಳದಲ್ಲಿ ಗಾಳಿ ನಿಂತು ಕೆಳಸಾಲಿನ ಸೀಸೆಗಳು ಬೆಂದೇ ಇರಲಿಲ್ಲ. ಶಾಖವನ್ನು ಗೆರೆಯಾಗಿ ಬರೆಯುವ ಯಂತ್ರ ಆ ಲೋಪವನ್ನು ಬರೆದೇ ಇತ್ತೆಂದೂ, ಕೆಲಸಗಾರರು ಆ ಗೆರೆಯನ್ನು ನಂಬದೆ ಬೇರೆ ಮುಳ್ಳನ್ನು ನಂಬಿದರೆಂದೂ ವಿಚಾರಣಾ ಸಮಿತಿ ಕಂಡುಕೊಂಡಿತು. ಸೀಸೆಗಳಿಗೆ ತಂಡದ ಸಂಖ್ಯೆಯಿದ್ದುದರಿಂದ ಅವು ಯಾವ ದಿನದ ಯಾವ ಉಬ್ಬೆಯಿಂದ ಬಂದುವೆಂಬವರೆಗೆ ಸಮಿತಿಗೆ ನಡೆದುಹೋಗಲು ಸಾಧ್ಯವಾಯಿತು.

ಶಸ್ತ್ರಗಳ ವಿಷಯದಲ್ಲಿ ಕಣ್ಣು ತೆರೆಸಿದುದು ಬೇರೊಂದು ಪ್ರಕರಣ. ಜೂರಿಕ್ಕಿನಲ್ಲಿ ೧೯೭೦ರ ದಶಕದಲ್ಲಿ ಮಿದುಳಿನೊಳಗೆ ಇಳಿಸುವ ಬೆಳ್ಳಿಯ ತಂತಿಗಳನ್ನು ಒಬ್ಬ ವೃದ್ಧೆಗೆ ಬಳಸಲಾಗಿತ್ತು. ಆಕೆಯ ರೋಗ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಎಂಬ, ಮಿದುಳನ್ನು ಸ್ಪಂಜಿನಂತೆ ಮಾಡಿ ಕೊಲ್ಲುವ ವ್ಯಾಧಿ. ತಂತಿಗಳನ್ನು ಮದ್ಯಸಾರದಿಂದ ತೊಳೆದು ಫಾರ್ಮಾಲ್ಡಿಹೈಡಿನ ಆವಿಯಲ್ಲಿಟ್ಟು, ಮೂರ್ಛೆರೋಗದ ಇಬ್ಬರು ತರುಣರಿಗೆ ಬಳಸಿದರು. ಇಬ್ಬರಿಗೂ ಅದೇ ವ್ಯಾಧಿ ಬಂದಿತು. ೧೯೭೭ರಲ್ಲಿ ಇದು ಪ್ರಕಟವಾದುದು, ಹಿಂದೆ ನಮ್ಮ ನಗರಕ್ಕೆ ಬ್ರಂಟನ್ನನನ್ನು ಕಳಿಸಿದ್ದ ಆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿಯೇ. ಆ ತಂತಿಗಳನ್ನು ಅಮೆರಿಕಕ್ಕೆ ತರಿಸಿ, ವರ್ಷಗಳ ಮೇಲೆ ಒಂದು ಚಿಂಪಾಂಜಿಯ ಮಿದುಳಿನಲ್ಲಿಡಲು ಅದಕ್ಕೂ ರೋಗ ಹತ್ತಿತು. ಈ ವ್ಯಾಧಿಗೆ ಕಾರಣವಾದ ಪ್ರಿಯಾನ್ ಎಂಬುದು ಕ್ರಿಮಿಯಲ್ಲ, ಮಡಿಕೆ ಕೆಟ್ಟ ಒಂದು ಪ್ರೋಟೀನು. ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಸಾಮಾನ್ಯ ಆಟೋಕ್ಲೇವಿನ ಶಾಖಕ್ಕೆ ಪೂರ್ತಿಯಾಗಿ ಬಗ್ಗುವುದಿಲ್ಲ. ಉಬ್ಬೆಗೆ ಮಣಿಯದ ಕೊಳೆಯೊಂದು ಉಂಟೆಂದು ಆಗ ಸ್ಥಿರಪಟ್ಟಿತು. ಎರಡು ಮೂರು ತಂತಿಗಳ ಪ್ರಯಾಣವು ಯಾರದೋ ನೆನಪಿನಲ್ಲಿಯೋ ಕಾಗದದಲ್ಲಿಯೋ ಉಳಿದಿದ್ದುದರಿಂದ ಮಾತ್ರ ಇದು ಬೆಳಕಿಗೆ ಬಂದಿತು. ತಂತಿಗಳು ನೂರು ಕತ್ತರಿಗಳ ರಾಶಿಯಲ್ಲಿ ಬೆರೆತಿದ್ದರೆ ಆ ಇಬ್ಬರು ತರುಣರ ಮರಣವು ಕಾರಣ ತಿಳಿಯದ ಎರಡು ಮರಣಗಳಾಗಿ ಉಳಿಯುತ್ತಿತ್ತು.

ಹಸುಗಳ ಹುಚ್ಚುರೋಗವು ಮನುಷ್ಯರಿಗೆ ಹಬ್ಬಿದೆಯೆಂದು ಬ್ರಿಟನ್ನಿನ ಸರಕಾರ ೧೯೯೬ರಲ್ಲಿ ಒಪ್ಪಿಕೊಂಡ ಮೇಲೆ ಅಲ್ಲಿ ಭೀತಿ ಹೆಚ್ಚಿತು. ಮುಂದಿನ ಕೆಲವು ವರ್ಷಗಳಲ್ಲಿ, ಶಸ್ತ್ರಗಳ ತಟ್ಟೆಯೊಂದೊಂದೂ ಯಾವ ಯಂತ್ರದಲ್ಲಿ ತೊಳೆಯಿತು, ಯಾವ ಆಟೋಕ್ಲೇವಿನ ಎಷ್ಟನೆಯ ಸುತ್ತಿನಲ್ಲಿ ಬೆಂದಿತು, ಯಾವ ರೋಗಿಗೆ ಬಳಕೆಯಾಯಿತು ಎಂಬುದು ದಾಖಲಾಗಬೇಕೆಂಬ ನಿಯಮ ಅಲ್ಲಿನ ಆಸ್ಪತ್ರೆಗಳಲ್ಲಿ ಬಲವಾಯಿತು. ನಿಯಮ ಬಂದೊಡನೆ ಎಲ್ಲವೂ ನೆಟ್ಟಗಾಯಿತೆನ್ನುವಂತಿಲ್ಲ. ೨೦೦೨ರಲ್ಲಿ ಮಿಡಲ್ಸ್‌ಬರೋ ನಗರದ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಕ್ರಿಯೆಯಾದ ರೋಗಿಗೆ ಇದೇ ವ್ಯಾಧಿ ಇತ್ತೆಂದು ತಿಳಿಯುವಷ್ಟರಲ್ಲಿ ಆ ಉಪಕರಣಗಳು ಮತ್ತೆ ಬಳಕೆಗೆ ಹೋಗಿದ್ದುವು; ಅವು ತಗುಲಿರಬಹುದಾದ ೨೪ ಮಂದಿಗೆ ಆ ಭಯಂಕರ ಸಾಧ್ಯತೆಯನ್ನು ತಿಳಿಸಬೇಕಾಯಿತು.

ಈ ಗುರುತಿನ ಕೆಲಸ ನಡೆಯುವ ಬಗೆ ಕಷ್ಟವಾದುದೇನಲ್ಲ. ಬಳಸಿದ ಉಪಕರಣಗಳು ಥಿಯೇಟರಿನಿಂದ ಕೇಂದ್ರ ಶುದ್ಧೀಕರಣ ವಿಭಾಗಕ್ಕೆ ಬರುತ್ತವೆ. ಅಲ್ಲಿ ಪಟ್ಟಿಯೊಡನೆ ಎಣಿಕೆಯಾಗಿ, ತೊಳೆದು, ಕೀಲುಗಳಲ್ಲಿ ರಕ್ತದ ಕಲೆ ಉಳಿದಿದೆಯೇ ಎಂದು ದುರ್ಬೀನಿನಲ್ಲಿ ನೋಡಿ, ಮತ್ತೆ ತಟ್ಟೆಗೆ ಜೋಡಿಸಿ ಸುತ್ತಲಾಗುತ್ತದೆ. ಆಟೋಕ್ಲೇವಿನಲ್ಲಿ ೧೨೧ ಡಿಗ್ರಿ ಸೆಂಟಿಗ್ರೇಡಿನಲ್ಲಾದರೆ ಕಾಲು ಗಂಟೆ, ೧೩೪ ಡಿಗ್ರಿಯಲ್ಲಾದರೆ ಮೂರು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶಾಖ ನಿಲ್ಲಬೇಕು. ಹೊರಗಿನ ಪಟ್ಟಿ ಬಣ್ಣ ಬದಲಿಸಿತೆಂದರೆ ಗಂಟು ಆವಿಯ ಬಾಯಿಗೆ ಹೋಗಿಬಂದಿದೆ ಎಂದಷ್ಟೇ ಅರ್ಥ. ಒಳಗೆ ಶುದ್ಧಿಯಾಯಿತೇ ಎಂಬುದಕ್ಕೆ, ಶಾಖಕ್ಕೆ ಸುಲಭವಾಗಿ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಆಗಾಗ ಜೊತೆಯಲ್ಲಿಟ್ಟು ಬೇಯಿಸಿ, ಅನಂತರ ಮೊಳೆಯುತ್ತವೆಯೋ ಎಂದು ನೋಡುತ್ತಾರೆ. ಗಂಟಿನ ಮೇಲೆ ಯಂತ್ರ, ಸುತ್ತು, ದಿನಾಂಕ, ಕಟ್ಟಿದವರ ಸಂಕೇತಗಳುಳ್ಳ ಚೀಟಿ ಇರುತ್ತದೆ. ಥಿಯೇಟರಿನಲ್ಲಿ ಗಂಟು ಬಿಚ್ಚಿದಾಗ ಆ ಚೀಟಿಯನ್ನು ಕಿತ್ತು ರೋಗಿಯ ಕೇಸ್ ಶೀಟಿಗೆ ಅಂಟಿಸಬೇಕು. ಇಡೀ ಸರಪಳಿಯ ಕೊನೆಯ ಕೊಂಡಿ ಈ ಅಂಟಿಸುವಿಕೆ. ಬೀಜಾಣು ಪರೀಕ್ಷೆಯ ಫಲ ಕೆಟ್ಟುಬಂದರೆ ಆ ಸುತ್ತಿನ ಗಂಟುಗಳು ಯಾರುಯಾರಿಗೆ ಹೋದುವೆಂದು ಆಗ ಒಂದು ಗಂಟೆಯಲ್ಲಿ ಹೇಳಬಹುದು. ಅನುಕೂಲವುಳ್ಳ ದೇಶಗಳಲ್ಲಿ ಲೇಸರ್ ಕಿರಣದಿಂದ ಒಂದೊಂದು ಕತ್ತರಿಯ ಮೇಲೆಯೇ ಸಣ್ಣ ಚುಕ್ಕಿಗಳ ಚೌಕವನ್ನು ಕೊರೆದು ಯಂತ್ರದಿಂದ ಓದಿಸುತ್ತಾರೆ. ಕರಿಗೇರಿನ ಗುರುತಿಗೆ ಇದಕ್ಕಿಂತ ಹತ್ತಿರದ ನೆಂಟ ಬೇರೊಂದಿಲ್ಲ. ಆದರೆ ಲೇಸರಿಗಾಗಿ ಕಾಯಬೇಕಾದುದಿಲ್ಲ. ಗೆರೆ ಹಾಕಿದ ಒಂದು ರಿಜಿಸ್ಟರು, ಒಂದು ಅಂಟುಚೀಟಿಯ ಸುರುಳಿ, ಬರೆಯಲು ಬಿಡುವುಳ್ಳ ಒಬ್ಬ ದಾದಿ, ಇಷ್ಟು ಸಾಕು. ಮೂರರಲ್ಲಿ ದುರ್ಲಭವಾದುದು ಆ ಬಿಡುವು.

ಬಿಡುವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ೨೦೧೪ರ ನವೆಂಬರ್ ೮ರಂದು ಛತ್ತೀಸಗಡದ ಬಿಲಾಸಪುರದ ಬಳಿ ನಡೆದ ಸಂತಾನಹರಣ ಶಿಬಿರವೇ ನಿದರ್ಶನ. ಕೆಲವೇ ಗಂಟೆಗಳಲ್ಲಿ ೮೩ ಮಂದಿ ಹೆಂಗಸರಿಗೆ ಶಸ್ತ್ರಕ್ರಿಯೆಯಾಯಿತು. ೧೩ ಮಂದಿ ತೀರಿಕೊಂಡರು. ಹೊಟ್ಟೆಯೊಳಗೆ ಇಳಿಸಿ ನೋಡುವ ಲ್ಯಾಪರೋಸ್ಕೋಪು ಒಂದೇ ಇದ್ದಿತೆಂದು ಪತ್ರಿಕೆಗಳು ವರದಿ ಮಾಡಿದುವು. ಈ ಉಪಕರಣವನ್ನು ಇಬ್ಬರು ರೋಗಿಗಳ ನಡುವೆ ಗ್ಲುಟರಾಲ್ಡಿಹೈಡಿನ ದ್ರಾವಣದಲ್ಲಿ ಇಪ್ಪತ್ತು ನಿಮಿಷವಾದರೂ ಮುಳುಗಿಸಿಡುವುದು ಕನಿಷ್ಠ ವಿಧಿ. ಓದುಗರು ತಾವೇ ಲೆಕ್ಕ ಹಾಕಬಹುದು: ೮೩ ಮಂದಿಯ ನಡುವೆ ೮೨ ಬಿಡುವುಗಳು, ಒಟ್ಟು ೧,೬೪೦ ನಿಮಿಷ, ಎಂದರೆ ಇಪ್ಪತ್ತೇಳು ಗಂಟೆಗೂ ಮೀರಿದ ಕಾಲ. ಪ್ರತಿಯೊಂದು ಮುಳುಗಿಗೂ ವೇಳೆ ಬರೆಯಬೇಕೆಂಬ ರಿಜಿಸ್ಟರೊಂದು ಅಲ್ಲಿ ನಿಜವಾಗಿ ನಡೆದಿದ್ದರೆ ಶಿಬಿರವು ಅದರ ಎದುರಿನಲ್ಲಿ ಮುಂದುವರಿಯುವಂತೆಯೇ ಇರಲಿಲ್ಲ. ಸಾವುಗಳಾದ ಮೇಲೆ ಎರಡು ವಾದಗಳು ಹುಟ್ಟಿದುವು. ನುಂಗಿಸಿದ ಮಾತ್ರೆಗಳಲ್ಲಿ ಇಲಿಪಾಷಾಣ ಬೆರೆತಿತ್ತೆಂಬುದು ಒಂದು. ಶಸ್ತ್ರಕ್ರಿಯೆಯ ಸೋಂಕೆಂಬುದು ಇನ್ನೊಂದು. ಮಾತ್ರೆಯ ಹಾಳೆಯ ಮೇಲೆ ತಯಾರಕನ ಹೆಸರೂ ತಂಡದ ಸಂಖ್ಯೆಯೂ ಇದ್ದುದರಿಂದ ಅದು ಪ್ರಯೋಗಾಲಯಗಳಿಗೆ ಹೋಯಿತು.

ಸರ್ವೋಚ್ಚ ನ್ಯಾಯಾಲಯವು ೨೦೧೬ರ ಸೆಪ್ಟೆಂಬರ್ ೧೪ರಂದು ದೇವಿಕಾ ಬಿಸ್ವಾಸ್ ಮೊಕದ್ದಮೆಯಲ್ಲಿ, ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಲು ಕೇಂದ್ರ ಸರಕಾರ ಯತ್ನಿಸಬೇಕೆಂದು ಹೇಳಿತು. ಆ ಗಡುವು ಮುಗಿದು ಮತ್ತೆ ಮೂರು ವರ್ಷಗಳಾಗುತ್ತ ಬಂದಾಗ, ೨೦೨೨ರ ಆಗಸ್ಟ್ ೨೫ರಂದು, ನಮ್ಮ ನಗರದ ಸೆರಗಿನಲ್ಲೇ ಇರುವ ರಂಗಾರೆಡ್ಡಿ ಜಿಲ್ಲೆಯ ಇಬ್ರಾಹಿಂಪಟ್ಟಣದ ಸರಕಾರಿ ಆಸ್ಪತ್ರೆಯಲ್ಲಿ ೩೪ ಮಂದಿ ಹೆಂಗಸರಿಗೆ ಇದೇ ಶಸ್ತ್ರಕ್ರಿಯೆ ನಡೆಯಿತು. ಕೆಲವೇ ದಿನಗಳಲ್ಲಿ ನಾಲ್ವರು ತೀರಿಕೊಂಡರು. ಉಳಿದ ಮೂವತ್ತು ಮಂದಿಯನ್ನು ಹುಡುಕಿ ಹೈದರಾಬಾದಿನ ನಿಮ್ಸ್, ಅಪೋಲೋ ಆಸ್ಪತ್ರೆಗಳಿಗೆ ತರಲಾಯಿತು, ಅವರು ಬದುಕಿದರು. ಸೋಂಕು ತಡೆಯುವ ಕ್ರಮಗಳಲ್ಲಿ ಲೋಪವಾಗಿತ್ತೆಂದು ವಿಚಾರಣೆಯಲ್ಲಿ ಕಂಡುಬಂದು, ಹೊಣೆಗಾರರ ಮೇಲೆ ಕ್ರಮವೂ ಜರುಗಿತು. ಆ ಮೂವತ್ತು ಮಂದಿಯನ್ನು ಕರೆತಂದ ಬಗೆಯನ್ನು ಇಲ್ಲಿ ಗಮನಿಸಬೇಕು. ಯಾವ ಉಪಕರಣ ಯಾರಿಗೆ ತಗುಲಿತೆಂದು ವಿಂಗಡಿಸದೆ, ಆ ದಿನ ಅಲ್ಲಿಗೆ ಬಂದವರೆಲ್ಲರನ್ನೂ ಸೋಂಕಿತರೆಂದು ಭಾವಿಸಿದರು. ಒಂದೇ ದಿನದ, ಒಂದೇ ಊರಿನ ಶಿಬಿರವಾದುದರಿಂದ ಅದು ಸಾಧ್ಯವಾಯಿತು. ದಿನಕ್ಕೆ ನೂರು ಶಸ್ತ್ರಕ್ರಿಯೆಗಳಾಗುವ ದೊಡ್ಡ ಆಸ್ಪತ್ರೆಯಲ್ಲಿ, ರೋಗಿಗಳು ಬೀದರ, ರಾಯಚೂರು, ಕಲಬುರಗಿಗಳಿಗೆ ಚದುರಿಹೋಗಿರುವಲ್ಲಿ, ಹಾಗೆ ಮಾಡಲು ಬರುವುದಿಲ್ಲ. ಊರಿನಿಂದ ಬಂದ ರೋಗಿಗಳನ್ನು ಇಲ್ಲಿನ ಆಸ್ಪತ್ರೆಗಳಿಗೆ ಕರೆದೊಯ್ಯುವ ಕೆಲಸ ನಮ್ಮಲ್ಲಿ ಅನೇಕರ ಪಾಲಿಗೆ ಬಂದಿರುವುದರಿಂದ, ಈ ಮಾತಿನ ತೂಕ ಓದುಗರಿಗೆ ತಿಳಿದೀತು.

ಕೊನೆಗೆ ಕನ್ನಡನಾಡಿನದೇ ಒಂದು ಪ್ರಕರಣ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾಗಿ, ಐವರು ಅಸುನೀಗಿದರು. ರಕ್ತನಾಳಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿದ್ದಿತು. ಸೀಸೆಗಳ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಹಿಡಿದು, ಆ ತಯಾರಕನ ದ್ರಾವಣದ ಬಳಕೆಯನ್ನು ರಾಜ್ಯದಾದ್ಯಂತ ತಡೆಹಿಡಿಯಲು ಸಾಧ್ಯವಾಯಿತು. ಸೀಸೆಯ ಮೇಲೆ ತಂಡದ ಸಂಖ್ಯೆ ಇರಲೇಬೇಕೆಂಬುದು ೧೯೪೦ರ ಔಷಧ ಕಾಯಿದೆಯ ಕೆಳಗೆ ಬಂದ ನಿಯಮ. ಶಸ್ತ್ರೋಪಕರಣಗಳಿಗೂ ಇಂಥ ವಿಶಿಷ್ಟ ಗುರುತು ಇರಬೇಕೆಂಬ ಮಾತು ೨೦೧೭ರ ವೈದ್ಯಕೀಯ ಉಪಕರಣಗಳ ನಿಯಮಾವಳಿಯಲ್ಲಿ ಬಂದಿದೆ. ಆದರೆ ಅದು ತಯಾರಕನು ಹಾಕುವ ಗುರುತು. ಕತ್ತರಿ ಯಾವ ಕಾರ್ಖಾನೆಯಲ್ಲಿ ಹುಟ್ಟಿತೆಂದು ಅದು ಹೇಳಬಲ್ಲುದು. ಸಾವಿರ ಸಾರಿ ಬೆಂದು ಸಾವಿರ ದೇಹಗಳನ್ನು ಹೊಕ್ಕು ಬಂದ ದಾರಿಯನ್ನು ಹೇಳಲಾರದು. ಆ ದಾರಿಯನ್ನು ಆಸ್ಪತ್ರೆಯೇ ಬರೆಯಬೇಕು. ಎನ್.ಎ.ಬಿ.ಎಚ್. ಮನ್ನಣೆಯನ್ನು ಬಯಸುವ ಆಸ್ಪತ್ರೆಗಳು, ಶುದ್ಧೀಕರಣದಲ್ಲಿ ದೋಷ ಕಂಡರೆ ಗಂಟುಗಳನ್ನು ಹಿಂದಕ್ಕೆ ಕರೆಸುವ ಏರ್ಪಾಡನ್ನು ತೋರಿಸಬೇಕಾಗುತ್ತದೆ. ಆ ಮನ್ನಣೆ ಐಚ್ಛಿಕವಾದುದು. ಶಾಲೆಯ ಕೋಣೆಯಲ್ಲಿಯೋ ತಾಲ್ಲೂಕು ಆಸ್ಪತ್ರೆಯ ಹಜಾರದಲ್ಲಿಯೋ ಒಂದು ದಿನದ ಮಟ್ಟಿಗೆ ಮೇಜು ಹಾಕುವ ಶಿಬಿರಕ್ಕೆ ಅದು ಅನ್ವಯಿಸುವುದಿಲ್ಲ.